ಹಿಂದೆ ಬಿದ್ದ ಅರ್ಧ ಗಂಟೆ

ತನ್ನ ಊರಿನ ತಂಡವು ತನ್ನ ಊರಿನ ಮೈದಾನದಲ್ಲಿಯೇ ಹೆಣಗಾಡಿ ಗೆದ್ದಾಗ ಪ್ರೇಕ್ಷಕನಿಗೆ ಉಂಟಾಗುವ ಸಂತೋಷದ ಸ್ವರೂಪವೇನು, ಅದರ ಮೂಲವೆಲ್ಲಿ, ಅಂಗಣದೊಳಕ್ಕೆ ಒಂದು ಹೆಜ್ಜೆಯನ್ನೂ ಇಡದ ಅವನಿಗೆ ಆ ಗೆಲುವಿನಲ್ಲಿ ನ್ಯಾಯವಾಗಿ ಸಲ್ಲತಕ್ಕ ಪಾಲು ಯಾವುದು ಎಂದು, ಬಹುಕಾಲದಿಂದ ಕಾಲ್ಚೆಂಡಾಟವನ್ನು ನೋಡುತ್ತ ಬಂದಿರುವ ನಾನು ಆಗಾಗ ಯೋಚಿಸಿದ್ದುಂಟು. ಈ ಪ್ರಶ್ನೆಗೆ ನನ್ನ ಮಟ್ಟಿಗೆ ಸಮಾಧಾನಕರವಾದ ಉತ್ತರ ದೊರೆತದ್ದು 2016ರ ಅಕ್ಟೋಬರ್ 19ರ ಬುಧವಾರ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಬೆಂಗಳೂರು ಎಫ್‌ಸಿ ತಂಡವು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ ಪಂದ್ಯಾವಳಿಯ ಫೈನಲ್ ಪ್ರವೇಶಿಸಿದ ಮೊತ್ತಮೊದಲ ಭಾರತೀಯ ಕ್ಲಬ್ ಎನಿಸಿದ ಆ ರಾತ್ರಿ.

ಬೆಂಗಳೂರಿಗೆ ಈ ಆಟ ಹೊಸತಲ್ಲ. ಬ್ರಿಟಿಷ್ ಸೈನಿಕ ತಂಡಗಳ ಆಧಿಪತ್ಯವಿದ್ದ ಕಾಲದಲ್ಲಿ, 1937ರಲ್ಲಿ, ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಸ್ವತಂತ್ರ ಭಾರತದ ಪರವಾಗಿ ಫ್ರಾನ್ಸಿನ ವಿರುದ್ಧ ಗೋಲು ಹೊಡೆದವರು ಇದೇ ನಾಡಿನ ಎಸ್. ರಾಮನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂದು ಖ್ಯಾತರಾದ ಐವರು ಮುನ್ಪಡೆಯ ಆಟಗಾರರಲ್ಲಿ ಒಬ್ಬರಾದ ಅಹಮದ್ ಖಾನರೂ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡವು 1967–68 ಮತ್ತು 1968–69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಆಮೇಲೆ ಬಂದದ್ದು ದೀರ್ಘವಾದ ಬರಗಾಲ. ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಗಲ್ಲಿಗಳಲ್ಲಿ ಹುಡುಗರು ಚೆಂಡಾಡುವುದನ್ನು ಬಿಡಲಿಲ್ಲವಾದರೂ, ಊರಿಗೆ ಊರೇ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ತಂಡವಿರಲಿಲ್ಲ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲನೆಯ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದು, ಆ ಕೊರತೆಯನ್ನು ನೀಗಿತು.

ಆ ಸಂಜೆಯ ಪಂದ್ಯದ ಭಾರವನ್ನು ತಿಳಿಯಬೇಕಾದರೆ ಕೊಂಚ ಹಿನ್ನೆಲೆ ಬೇಕು. ಜೊಹೊರ್ ತಂಡವು ಹಿಂದಿನ ವರ್ಷದ ಚಾಂಪಿಯನ್; 2016ರಲ್ಲಿಯೇ ಗುಂಪಿನ ಹಂತದಲ್ಲಿ ನಮ್ಮವರನ್ನು ಎರಡು ಸಲವೂ ಸೋಲಿಸಿದ್ದ ತಂಡ. ಸೆಮಿಫೈನಲ್ಲಿನ ಮೊದಲ ಸುತ್ತು ಅವರ ಊರಿನಲ್ಲಿ ನಡೆದು 1–1ರಲ್ಲಿ ಮುಗಿದಿತ್ತು. ಎರಡೂ ಪಂದ್ಯಗಳ ಗೋಲುಗಳು ಸರಿಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದಕ್ಕೆ ಹೋಗತಕ್ಕದ್ದೆಂಬ ನಿಯಮವು ಆಗ ಜಾರಿಯಲ್ಲಿದ್ದುದರಿಂದ, ಬೆಂಗಳೂರಿನಲ್ಲಿ ಗೋಲೇ ಇಲ್ಲದೆ ಆಟ ಮುಗಿದಿದ್ದರೂ ನಾವು ಫೈನಲ್ಲಿಗೆ ಹೋಗುತ್ತಿದ್ದೆವು. ಜೊಹೊರ್ ಒಂದು ಗೋಲು ಹೊಡೆಯಿತೆಂದರೆ ಆ ಆಸರೆ ತಪ್ಪಿಹೋಗುತ್ತಿತ್ತು. 2008ರಲ್ಲಿ ಗೋವೆಯ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್, ಇದೇ ಸೆಮಿಫೈನಲ್ಲಿನ ಹೊಸ್ತಿಲಲ್ಲಿ ನಿಂತು ಹಿಂದಿರುಗಿದ್ದವು. ಆದುದರಿಂದ ಕಂಠೀರವದ ಮೆಟ್ಟಿಲೇರಿದ ಜನರ ಮುಖಗಳಲ್ಲಿ ಉತ್ಸಾಹದಷ್ಟೇ ಆತಂಕವೂ ಇತ್ತು.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ನನ್ನ ಅಕ್ಕನ ಮಗಳು. ಪಶ್ಚಿಮದ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡು, ನೀಲಿ ಅಂಗಿ ತೊಟ್ಟು, ಡ್ರಮ್ಮು ಬಾರಿಸುತ್ತ ಹಾಡುವ ಬಳಗಕ್ಕೆ ಸೇರಿದವಳು ಅವಳು. ಸುಮ್ಮನೆ ಕುಳಿತು ನೋಡುವ ಅಭ್ಯಾಸದ ನಾನು ಆಸನವನ್ನು ಕರವಸ್ತ್ರದಿಂದ ಒರೆಸುತ್ತಿದ್ದುದನ್ನು ಕಂಡು ನಕ್ಕು, “ಮಾಮ, ಇಲ್ಲಿ ಯಾರೂ ಕೂರೋದಿಲ್ಲ. ತೊಂಬತ್ತು ನಿಮಿಷಾನೂ ನಿಂತೇ ಇರಬೇಕು,” ಎಂದಳು. ಕಂಠೀರವದಲ್ಲಿ ಆಟದ ಹುಲ್ಲಿಗೂ ಪ್ರೇಕ್ಷಕರ ಮೆಟ್ಟಿಲುಗಳಿಗೂ ನಡುವೆ ಓಟದ ಸ್ಪರ್ಧೆಗಳಿಗಾಗಿ ಹಾಸಿದ ಅಗಲವಾದ ಟ್ರ್ಯಾಕ್ ಇದೆ. ಆಟಗಾರನ ಕಿವಿಗೆ ನಮ್ಮ ದನಿ ತಲುಪಬೇಕಾದರೆ ಅದು ಮೊದಲು ಈ ಅಂತರವನ್ನು ದಾಟಬೇಕು. ಚದರಿದ ಕೂಗು ಅಷ್ಟು ದೂರ ಹೋಗದು. ಎಲ್ಲರೂ ಒಂದೇ ಲಯದಲ್ಲಿ ಕೂಗಿದರೆ ಮಾತ್ರ ಹೋದೀತು. ಡ್ರಮ್ಮು ಇರುವುದು ಅದಕ್ಕಾಗಿ ಎಂಬುದು ಅಲ್ಲಿ ನಿಂತ ಮೇಲೆಯೇ ನನಗೆ ಮನದಟ್ಟಾಯಿತು.

ಹನ್ನೊಂದನೆಯ ನಿಮಿಷದಲ್ಲಿ ಜೊಹೊರ್ ತಂಡದ ನಾಯಕ ಸಫೀಕ್ ರಹೀಮ್ ಗೋಲು ಹೊಡೆದ. ಸಾವಿರಾರು ಜನರು ಸೇರಿದ್ದ ಆ ಸ್ಥಳದಲ್ಲಿ ಅಂಥ ನಿಶ್ಶಬ್ದ ಸಾಧ್ಯವೆಂದು ನಾನು ಎಣಿಸಿರಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಬಿಳಿಯ ಗಡ್ಡದ, ಹಳೆಯ ಸ್ವೆಟರ್ ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. ಆ ನಿಶ್ಶಬ್ದದಲ್ಲಿ ಅವರು ಎರಡು ಸಲ, ನಿಧಾನವಾಗಿ, ಚಪ್ಪಾಳೆ ತಟ್ಟಿದರು. ಪಕ್ಕದ ಯುವಕನೊಬ್ಬ ಕೆಂಗಣ್ಣಿನಿಂದ ತಿರುಗಿ ನೋಡಿದಾಗ, “ಗೋಲು ಗೋಲೇ ಕಣಪ್ಪ, ಯಾರು ಹೊಡೆದ್ರೂ. ಈಗ ನಿಮ್ಮ ಡ್ರಮ್ಮು ಯಾಕೆ ನಿಂತೋಯ್ತು, ಅದನ್ನು ಹೇಳು,” ಎಂದರು. ಯುವಕನು ಒಂದು ಕ್ಷಣ ಸುಮ್ಮನಿದ್ದು, ಮುಂದಿನ ಸಾಲಿನಲ್ಲಿ ಡ್ರಮ್ಮನ್ನು ಕೊರಳಿಗೆ ತಗುಲಿಸಿಕೊಂಡಿದ್ದ ಗೆಳೆಯನ ಭುಜವನ್ನು ತಟ್ಟಿದ. ಮತ್ತೆ ಬಡಿತ ಆರಂಭವಾಯಿತು.

ನನ್ನ ಪ್ರಶ್ನೆಗೆ ಉತ್ತರವಿದ್ದದ್ದು ಅಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ. ಆಟದಲ್ಲಿ ಆಗ ಹಾಡಿ ಹೊಗಳತಕ್ಕದ್ದು ಹೆಚ್ಚೇನೂ ಇರಲಿಲ್ಲ. ಪಾಸುಗಳು ತಪ್ಪುತ್ತಿದ್ದವು, ಎದುರಾಳಿಗಳು ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡು ಕಾಲ ಕಳೆಯುವ ಕಲೆಯಲ್ಲಿ ನುರಿತವರಾಗಿದ್ದರು, ಹಣೆಗೆ ಕೈ ಹಚ್ಚಿ ನಿಂತವರು, ಗೊಣಗುವವರು, ಯಾವ ಆಟಗಾರನನ್ನು ಹೊರಗೆ ಕೂರಿಸಬೇಕೆಂದು ಗಟ್ಟಿಯಾಗಿ ಸಲಹೆ ಕೊಡುವವರು ನಮ್ಮ ನಡುವೆಯೂ ಇದ್ದರು. ಆದರೂ ಪಶ್ಚಿಮದ ಗ್ಯಾಲರಿಯ ಹಾಡು ನಿಲ್ಲಲಿಲ್ಲ. ಊರ ತೇರಿನ ಗಾಲಿ ಹಳ್ಳದಲ್ಲಿ ಹೂತುಕೊಂಡಾಗ ಮಿಣಿಗೆ ಕೈ ಹಾಕಿದ ನೂರಾರು ಮಂದಿಯಲ್ಲಿ ಯಾರ ಎಳೆತದಿಂದ ತೇರು ಕದಲಿತೆಂದು ಯಾರಿಗೂ ಹೇಳಲಾಗದಿದ್ದರೂ ಒಬ್ಬನೂ ಕೈಬಿಡಲು ಒಪ್ಪನಷ್ಟೆ. ಅಲ್ಲಿ ನಾನು ಕಂಡ ನಿಷ್ಠೆಯೂ ಅಂಥದೇ. ದನಿ ಬಿದ್ದುಹೋದವನು ಚಪ್ಪಾಳೆ ತಟ್ಟಿದ. ಕೈ ಸೋತವನು ಮತ್ತೆ ದನಿಯೆತ್ತಿದ. ಯಾವ ಪದವನ್ನೂ ಅರಿಯದ ನಾನೂ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಅವರೊಡನೆ ಹಾಡುತ್ತಿದ್ದೆ.

ನಲವತ್ತೊಂದನೆಯ ನಿಮಿಷದಲ್ಲಿ ಕಾರ್ನರ್ ಕಿಕ್ಕಿನಿಂದ ಹಾರಿಬಂದ ಚೆಂಡಿಗೆ, ಎತ್ತರದ ಆಳಲ್ಲದ ನಾಯಕ ಸುನಿಲ್ ಛೆಟ್ರಿ, ತನಗಿಂತ ಎತ್ತರದವರ ನಡುವಿನಿಂದ ಮೇಲಕ್ಕೆ ನೆಗೆದು ತಲೆಯೊಡ್ಡಿದರು, 1–1. ವಿರಾಮದ ತರುವಾಯ, ಅರುವತ್ತೇಳನೆಯ ನಿಮಿಷದಲ್ಲಿ, ಪೆನಾಲ್ಟಿ ಆವರಣದ ಹೊರಗಿನಿಂದಲೇ ಅವರು ಒದ್ದ ಚೆಂಡು ಬಲೆಯನ್ನು ಸೇರಿತು. ಆಗ ಎದ್ದ ಆರ್ಭಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಆದರೆ ಅದರ ಬೆನ್ನಿಗೇ ಬಂದ ಭಯವನ್ನು ವರ್ಣಿಸಬಲ್ಲೆ. ಲೆಕ್ಕ ಬಲ್ಲವರಿಗೆಲ್ಲ ಗೊತ್ತಿತ್ತು: ಈ ಹಂತದಲ್ಲಿ ಜೊಹೊರ್ ಇನ್ನೊಂದು ಗೋಲು ಹೊಡೆದು 2–2 ಮಾಡಿದರೆ, ಒಟ್ಟು ಸಂಖ್ಯೆ ಸಮವಾಗಿ, ನಮ್ಮ ಮೈದಾನದಲ್ಲಿ ಎರಡು ಗೋಲು ಹೊಡೆದ ಅವರೇ ಫೈನಲ್ಲಿಗೆ ಹೋಗುತ್ತಾರೆ. ಗೆಲ್ಲುತ್ತಿದ್ದೂ ಸೋಲಿನಿಂದ ಒಂದೇ ಒದೆತದ ದೂರದಲ್ಲಿದ್ದೆವು. ನನ್ನ ಸೋದರ ಸೊಸೆ ನನ್ನ ತೋಳನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ. ಎಪ್ಪತ್ತೈದನೆಯ ನಿಮಿಷದಲ್ಲಿ, ಫ್ರೀ ಕಿಕ್ಕಿನ ಚೆಂಡಿಗೆ ಸ್ಪೇನಿನ ರಕ್ಷಣಾ ಆಟಗಾರ ಹುವಾನನ್ ತಲೆ ತಾಗಿಸಿ ಮೂರನೆಯ ಗೋಲು ಹೊಡೆದಾಗ, ಜನರು ಎರಡನೆಯ ಗೋಲಿಗೆ ಕೂಗಿದಂತೆ ಕೂಗಲಿಲ್ಲ. ಬಹಳ ಮಂದಿ ದೀರ್ಘವಾಗಿ ಉಸಿರು ಬಿಟ್ಟು ಪಕ್ಕದವರನ್ನು ತಬ್ಬಿಕೊಂಡರು. ಈ ಎರಡು ಪ್ರತಿಕ್ರಿಯೆಗಳ ವ್ಯತ್ಯಾಸವನ್ನು ಕಂಡಾಗಲೇ, ಆಟದ ನಿಯಮವನ್ನು ಚೆನ್ನಾಗಿ ಬಲ್ಲವನ ಸಂತೋಷವು ಬರಿದೆ ಗದ್ದಲವನ್ನು ನೋಡಿ ಸಂತೋಷಪಡುವವನದಕ್ಕಿಂತ ಎಷ್ಟು ಆಳವಾದುದೆಂಬುದು ನನಗೆ ಅರಿವಾಯಿತು.

ಕೊನೆಯ ಸೀಟಿ ಊದಿದ ಮೇಲೆ ಗ್ಯಾಲರಿಯಲ್ಲಿ ನಡೆದದ್ದನ್ನು ನಾನು ಆಟದಷ್ಟೇ ಶ್ರದ್ಧೆಯಿಂದ ನೋಡಿದೆ. ಕುಣಿಯುವವರಿದ್ದರು, ಮಗುವನ್ನು ಹೆಗಲಿಗೇರಿಸಿ ಆಟಗಾರರೊಬ್ಬೊಬ್ಬರ ಹೆಸರನ್ನೂ ಹೇಳಿ ತೋರಿಸುತ್ತಿದ್ದ ತಂದೆಯೊಬ್ಬರಿದ್ದರು, ಡ್ರಮ್ಮು ಬಾರಿಸುತ್ತಿದ್ದ ಹುಡುಗ ಅದನ್ನು ಕೆಳಗಿಟ್ಟು, ಬೊಬ್ಬೆಯೆದ್ದ ಅಂಗೈಗಳನ್ನು ನೋಡಿಕೊಳ್ಳುತ್ತ ಅಳುತ್ತಿದ್ದ. ಬಿಳಿಯ ಗಡ್ಡದ ಹಿರಿಯರು ಅವನ ಬಳಿಗೆ ಹೋಗಿ ಆ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. ಮೈಸೂರು ತಂಡವು ಸತತವಾಗಿ ಸಂತೋಷ್ ಟ್ರೋಫಿ ಗೆದ್ದ ಕಾಲದಲ್ಲಿ ತಾವೂ ಇವನಷ್ಟೇ ವಯಸ್ಸಿನವರಾಗಿದ್ದುದಾಗಿ ಅವರು ಆಮೇಲೆ ನನಗೆ ಹೇಳಿದರು. “ಇದನ್ನು ಇನ್ನೊಂದು ಸಲ ನೋಡ್ತೀನಿ ಅಂದ್ಕೊಂಡಿರಲಿಲ್ಲ ಸಾರ್,” ಎಂದದ್ದು ಬಿಟ್ಟರೆ ಅವರು ಹೆಚ್ಚು ಮಾತನಾಡಲಿಲ್ಲ. ಅಷ್ಟರಲ್ಲಿ ಆಟಗಾರರು ನಮ್ಮ ಗ್ಯಾಲರಿಯ ಮುಂದೆ ಬಂದು ನಿಂತು, ಆ ವರ್ಷದ ಯೂರೋ ಪಂದ್ಯಾವಳಿಯಲ್ಲಿ ಐಸ್‌ಲೆಂಡಿನ ಪ್ರೇಕ್ಷಕರು ಪ್ರಸಿದ್ಧಿಗೆ ತಂದಿದ್ದ ರೀತಿಯಲ್ಲಿ, ಕೈಗಳನ್ನು ತಲೆಯ ಮೇಲಕ್ಕೆತ್ತಿ ಚಪ್ಪಾಳೆ ತಟ್ಟಿದರು. ಅವರದೊಂದು, ನಮ್ಮದೊಂದು, ಮೊದಲು ವಿಲಂಬದಲ್ಲಿ, ಆಮೇಲೆ ದ್ರುತದಲ್ಲಿ. ಗೆದ್ದವರು ವಂದನೆ ಹೇಳಲು ತಾವಾಗಿ ನಮ್ಮೆದುರಿಗೆ ಬಂದಿದ್ದರು.

ಪ್ರೇಕ್ಷಕನಿಗೆ ಗೆಲುವಿನಲ್ಲಿ ಪಾಲುಂಟೇ ಎಂಬ ನನ್ನ ಸಂದೇಹ ಪರಿಹಾರವಾದದ್ದು ಹೀಗೆ. ಪಾಲು ಉಂಟು, ಆದರೆ ಅದು ಟಿಕೆಟ್ಟಿನ ಜೊತೆಗೆ ಬರುವಂಥದಲ್ಲ. ಮೂರು ಗೋಲುಗಳಿಗೂ ಕೂಗಿದವರಿಗೆಲ್ಲ ಸಂತೋಷ ಸಿಕ್ಕಿತು. ತಂಡವು ಹಿಂದೆ ಬಿದ್ದಿದ್ದ ಆ ಅರ್ಧ ಗಂಟೆಯಲ್ಲಿ ಸೋಲಿನ ಭೀತಿಯನ್ನು ಆಟಗಾರರೊಡನೆ ಹೊತ್ತವರಿಗೆ ಸಂತೋಷದ ಜೊತೆಗೆ ಹಕ್ಕೂ ಸಿಕ್ಕಿತು. ಅಂಥ ಹಕ್ಕನ್ನು ಸಂಪಾದಿಸಿದವನಲ್ಲಿ ಗೆಲುವು ಗರ್ವವನ್ನು ಹುಟ್ಟಿಸುವುದಿಲ್ಲ, ಕೃತಜ್ಞತೆಯನ್ನು ಹುಟ್ಟಿಸುತ್ತದೆ. ಸೋತ ಜೊಹೊರ್ ಆಟಗಾರರು ತಲೆ ತಗ್ಗಿಸಿ ನಡೆದುಹೋಗುವಾಗ ಎಷ್ಟೋ ಮಂದಿ ಅವರಿಗೂ ಚಪ್ಪಾಳೆ ತಟ್ಟಿದುದು ಈ ಕಾರಣದಿಂದಲೇ ಎಂದು ನಾನು ನಂಬುತ್ತೇನೆ. ಅವರು ಅಷ್ಟು ಬಲಿಷ್ಠರಾಗಿರದಿದ್ದರೆ ನಮ್ಮ ಗೆಲುವಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಆಟಗಾರನ ಕಡೆಯಿಂದಲೂ ಈ ಮಾತಿಗೆ ಸಾಕ್ಷಿ ದೊರೆತದ್ದುಂಟು. 2018ರ ಜೂನ್ ತಿಂಗಳಲ್ಲಿ ಭಾರತ ತಂಡವು ಮುಂಬಯಿಯಲ್ಲಿ ಆಡಿದಾಗ ಮೊದಲ ಪಂದ್ಯಕ್ಕೆ ಬಂದ ಪ್ರೇಕ್ಷಕರ ಸಂಖ್ಯೆ ಕೇವಲ 2,569. ಆಗ ಇದೇ ಛೆಟ್ರಿಯವರು, ನಮ್ಮನ್ನು ಬೈಯುವುದಿದ್ದರೆ ಕ್ರೀಡಾಂಗಣಕ್ಕೆ ಬಂದೇ ಬೈಯಿರಿ, ಆದರೆ ಬನ್ನಿ ಎಂಬ ಅರ್ಥದಲ್ಲಿ ದೇಶದ ಜನರಿಗೆ ಮೊರೆಯಿಟ್ಟರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ, ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ, ಕ್ರೀಡಾಂಗಣ ಭರ್ತಿಯಾಯಿತು. ಭಾರತ 3–0ಯಿಂದ ಗೆದ್ದಿತು. ಬರಿದಾದ ಮೆಟ್ಟಿಲುಗಳ ಮುಂದೆ ಆಡುವವನ ಸಂಕಟವನ್ನು ಕಂಠೀರವದ ಆ ರಾತ್ರಿಯನ್ನು ಕಂಡವರು ಸುಲಭವಾಗಿ ಊಹಿಸಬಲ್ಲರು.

2016ರ ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್ಲಿನಲ್ಲಿ, ಆಲ್ಬರ್ಟ್ ರೋಕಾ ತರಬೇತಿಯ ನಮ್ಮ ತಂಡವು ಇರಾಕಿನ ಅಲ್-ಕುವಾ ಅಲ್-ಜಾವಿಯಾ ತಂಡಕ್ಕೆ 0–1ರಿಂದ ಸೋತಿತು. ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತು ಆ ಪಂದ್ಯವನ್ನು ನೋಡಿದ ನನಗೆ ದುಃಖವಾಯಿತು. ಆದರೆ ಅಕ್ಟೋಬರಿನ ಗೆಲುವು ಅದರಿಂದ ಕಿರಿದಾಯಿತೆಂದು ಒಮ್ಮೆಯೂ ಅನ್ನಿಸಲಿಲ್ಲ. ಕಪ್ಪು ಬಂದಿದ್ದರೆ ಅದು ಕ್ಲಬ್ಬಿನ ಕಪಾಟಿನಲ್ಲಿರುತ್ತಿತ್ತು. ಹಿಂದೆ ಬಿದ್ದ ತಂಡವನ್ನು ಕೈಬಿಡದಿದ್ದವರಿಗೆ ಆ ರಾತ್ರಿ ಸಂದದ್ದನ್ನು ಯಾವ ಫೈನಲ್ಲೂ ಕಿತ್ತುಕೊಳ್ಳಲಾರದು.

ಈಗ ಕಿರಿಯರು ಯಾರಾದರೂ ಮೊದಲ ಸಲ ಪಂದ್ಯಕ್ಕೆ ಹೊರಟರೆ ನಾನು ಹೇಳುವುದಿಷ್ಟು. ಆಟಕ್ಕೆ ಮುಂಚೆಯೇ ಹೋಗಿ, ಸ್ಥಳ ಹಿಡಿದು, ಆ ದಿನದ ಫಲಿತಾಂಶದ ಮೇಲೆ ಏನೇನು ನಿಂತಿದೆಯೆಂಬುದನ್ನು ಬಲ್ಲವರಿಂದ ತಿಳಿದುಕೊಳ್ಳಿ. ಎದುರಾಳಿಯು ಚೆನ್ನಾಗಿ ಆಡಿದರೆ ಅವನಿಗೆ ಸಲ್ಲಬೇಕಾದ ಚಪ್ಪಾಳೆಯನ್ನು ಬಚ್ಚಿಡಬೇಡಿ. ನಮ್ಮವರ ಕಾಲಿಗೆ ಚೆಂಡು ಸಿಕ್ಕದೆ ಹೋಗುವ ಹೊತ್ತು ಬಂದೇ ಬರುತ್ತದೆ. ನಿಮ್ಮ ದನಿಯನ್ನೆಲ್ಲ ಆ ಹೊತ್ತಿಗಾಗಿ ಕಾಪಾಡಿಕೊಂಡಿರಿ, ಏಕೆಂದರೆ ಗೋಲು ಬಿದ್ದಾಗ ಕೂಗಲು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನ ನೆವ ಹೇಳಿ ಕೊನೆಯ ಸೀಟಿಗೆ ಮುಂಚೆ ಮೆಟ್ಟಿಲಿಳಿಯಬೇಡಿ. ಗೆದ್ದರೆ ಪಕ್ಕದಲ್ಲಿ ನಿಂತವರ ಹೆಸರು ಕೇಳಿ ತಿಳಿದುಕೊಳ್ಳಿ. ಸೋತರೆ ಮುಂದಿನ ಪಂದ್ಯದ ದಿನಾಂಕವನ್ನು ಕೇಳಿಕೊಂಡು ಮನೆಗೆ ಹೋಗಿ.