ಲಕ್ಷದ ಲ್ಯಾಪ್‌ಟಾಪ್: ತಕರಾರು ಯಾವುದಕ್ಕೆ, ತಾಳ್ಮೆ ಯಾವುದಕ್ಕೆ?

ಲಕ್ಷಕ್ಕೂ ಮೇಲೆ ಸುರಿದು ಲ್ಯಾಪ್‌ಟಾಪ್ ತಂದವರನ್ನು ‘ಹೇಗಿದೆ?’ ಎಂದು ಕೇಳಿ ನೋಡಿ. ‘ಚೆನ್ನಾಗಿದೆ, ಆದರೆ...’ ಎಂದೇ ಮಾತು ಶುರುವಾಗುತ್ತದೆ. ಪೆನ್‌ಡ್ರೈವ್ ಹಾಕಲು ಜಾಗವಿಲ್ಲ, ಕಿಟಕಿ ಪಕ್ಕ ಕೂತರೆ ಪರದೆ ಕಾಣುವುದಿಲ್ಲ, ಚಾರ್ಜಿಗೆ ಹಾಕಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ನುಡಿ ಹಾಕಿಕೊಳ್ಳಲು ಬರುವುದಿಲ್ಲ, ಬ್ಯಾಟರಿ ಮೊದಲಿನಂತಿಲ್ಲ. ಪ್ರೊಸೆಸರ್ ನಿಧಾನ ಎಂದು ದೂರಿದವರು ನನಗೆ ಸಿಕ್ಕಿದ್ದು ಅಪರೂಪ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದು ಮಾತ್ರ ಆ ಪ್ರೊಸೆಸರೇ!

ಈ ತಕರಾರುಗಳಲ್ಲಿ ಮೂರು ಜಾತಿ. ಸೆಟ್ಟಿಂಗ್ಸ್‌ನಲ್ಲಿ ಸರಿಹೋಗುವಂಥವು, ಒಂದಿಷ್ಟು ದುಡ್ಡು ಹಾಕಿದರೆ ಸರಿಹೋಗುವಂಥವು, ತಿಪ್ಪರಲಾಗ ಹಾಕಿದರೂ ಹೋಗದಂಥವು. ಇವು ಬೆರೆತುಹೋದಾಗಲೇ ಕಿರಿಕಿರಿ ಹೆಚ್ಚು. ಐದು ನಿಮಿಷದ ಸೆಟ್ಟಿಂಗ್ ಬದಲಿಸದೆ ವರ್ಷಗಟ್ಟಲೆ ಗೊಣಗುವವರಿದ್ದಾರೆ. ಬೋರ್ಡಿಗೇ ಬೆಸೆದ ರ‍್ಯಾಮ್ ಹೆಚ್ಚಿಸಿಕೊಡಿ ಎಂದು ಅಂಗಡಿ ಅಂಗಡಿ ಅಲೆಯುವವರೂ ಇದ್ದಾರೆ. ಹಾಗಾಗಿ ಮೊದಲು ವಿಂಗಡಣೆ, ಆಮೇಲೆ ರಿಪೇರಿ.

ದೂರನ್ನು ಬರೆದಿಡಿ

ಒಂದು ವಾರ, ಕಿರಿಕಿರಿಯಾದ ಪ್ರತಿ ಸಲವೂ ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ಸಾಲು ಬರೆಯಿರಿ. ‘ಸ್ಲೋ ಆಗಿದೆ’ ಎಂದರೆ ಸರ್ವಿಸ್ ಸೆಂಟರಿನವರಿಗೂ ಏನೂ ತಿಳಿಯದು. ‘ವೀಡಿಯೊ ಕರೆಯಲ್ಲಿದ್ದಾಗ ಬ್ರೌಸರ್‌ನಲ್ಲಿ ಹೊಸ ಟ್ಯಾಬ್ ತೆರೆದರೆ ತಡೆಯುತ್ತದೆ’ ಎಂದರೆ ಅರ್ಧ ಉತ್ತರ ಸಿಕ್ಕಂತೆ. ಹಾಗೆ ತಡೆದ ಹೊತ್ತಿನಲ್ಲೇ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮ್ಯಾಕ್‌ನಲ್ಲಾದರೆ ಆಕ್ಟಿವಿಟಿ ಮಾನಿಟರ್. ಮೆಮೊರಿ ಸದಾ ಶೇ 90ರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮ್ಯಾಕ್‌ನಲ್ಲಿ ಶೇಕಡಾ ಲೆಕ್ಕ ಬಿಟ್ಟು ‘ಮೆಮೊರಿ ಪ್ರೆಷರ್’ ನಕ್ಷೆಯ ಬಣ್ಣ ನೋಡಿ: ಹಸಿರಿದ್ದರೆ ಚಿಂತೆಯಿಲ್ಲ, ಮತ್ತೆ ಮತ್ತೆ ಹಳದಿ, ಕೆಂಪಿಗೆ ತಿರುಗಿದರೆ ಕೊರತೆಯಿದೆ. ಒಂದೇ ಒಂದು ಪ್ರೋಗ್ರಾಂ ಪಟ್ಟಿಯ ತುದಿಯಲ್ಲಿ ಕೂತು ಪ್ರೊಸೆಸರನ್ನೆಲ್ಲ ನುಂಗುತ್ತಿದ್ದರೆ ಲ್ಯಾಪ್‌ಟಾಪ್ ನಿರಪರಾಧಿ.

ಬ್ಯಾಟರಿ: ಊಹೆ ಬೇಡ, ಅಳೆಯಿರಿ

ಹೆಚ್ಚಿನವರ ದೂರು ಇದೇ. ಆದರೆ ಅಳೆದು ದೂರುವವರು ಕಡಿಮೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಎಂದು ಟೈಪಿಸಿ ಎಂಟರ್ ಒತ್ತಿದರೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಇಂಗ್ಲಿಷ್‌ನ ‘ಪವರ್’ ಪದವನ್ನೂ ಅದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರಗಳನ್ನೂ ಹೊಡೆದು, ಒಂದು ಸ್ಪೇಸ್ ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಮಧ್ಯೆ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಿ. ವರದಿ ಎಲ್ಲಿ ಉಳಿದಿದೆ ಎಂಬುದನ್ನು ಅದೇ ಹೇಳುತ್ತದೆ, ಬ್ರೌಸರ್‌ನಲ್ಲಿ ತೆರೆಯಿರಿ. ಅದರಲ್ಲಿ ನೋಡಬೇಕಾದ್ದು ಎರಡೇ ಸಾಲು: ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’. ಮೊದಲನೆಯದು 57,000, ಎರಡನೆಯದು 48,000 ಎಂದಿದ್ದರೆ ನಿಮ್ಮ ಬ್ಯಾಟರಿಯ ಬಲ ಈಗ ಶೇ 84. ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಈ ಶೇಕಡಾ ಲೆಕ್ಕ ಸಿಗುತ್ತದೆ. ಈಚಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಗೆ ಆ್ಯಪಲ್ ಹೇಳುವ ಆಯಸ್ಸು 1,000 ಸೈಕಲ್. ಇಂದು ಅರ್ಧ, ನಾಳೆ ಅರ್ಧ ಖಾಲಿ ಮಾಡಿದರೆ ಸೇರಿ ಒಂದು ಸೈಕಲ್.

ಬಲ ಶೇ 80ಕ್ಕಿಂತ ಕೆಳಗಿಳಿದು ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಇದು ದುಡ್ಡಿನಿಂದ ಸರಿಹೋಗುವ ದೂರು. ಬ್ಯಾಟರಿ ಬದಲಿಸಿ, ಅಧಿಕೃತ ಕೇಂದ್ರದಲ್ಲೇ ಬದಲಿಸಿ. ಬಲ ಶೇ 90ರ ಮೇಲಿದ್ದೂ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದ್ದರೆ ತಪ್ಪು ಬೇರೆ ಕಡೆ ಇದೆ: ಪರದೆಯ ಬೆಳಕು, 120 ಹರ್ಟ್ಸ್ ರಿಫ್ರೆಶ್ ದರ, ಹಿಂಬದಿಯಲ್ಲಿ ಸಿಂಕ್ ಆಗುತ್ತಲೇ ಇರುವ ಕ್ಲೌಡ್ ಫೋಲ್ಡರ್. ರಿಫ್ರೆಶ್ ದರವನ್ನು 60ಕ್ಕೆ ಇಳಿಸಿ, ಪವರ್ ಮೋಡನ್ನು ಉಳಿತಾಯದ ಕಡೆ ತಿರುಗಿಸಿ ಎರಡು ದಿನ ನೋಡಿ. ಫ್ಯಾನಿನ ಸದ್ದು, ತೊಡೆ ಸುಡುವ ಬಿಸಿ ಎಂಬ ದೂರುಗಳೂ ಇದರಿಂದಲೇ ಬಹಳಷ್ಟು ತಗ್ಗುತ್ತವೆ. ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ ಮಾತ್ರ ಯಾವ ಸೆಟ್ಟಿಂಗೂ ಕಾಪಾಡದು.

ಇಡೀ ದಿನ ಮೇಜಿನ ಮೇಲೆ ಚಾರ್ಜರಿಗೆ ಕಟ್ಟಿಹಾಕಿಯೇ ಬಳಸುವವರು ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಹುಡುಕಿ ಆನ್ ಮಾಡಲೇಬೇಕು. ಲಿಥಿಯಂ-ಅಯಾನ್ ಬ್ಯಾಟರಿಗೆ ಎರಡು ಶತ್ರುಗಳು, ತುಂಬಿ ತುಳುಕುವ ಚಾರ್ಜು ಮತ್ತು ಬಿಸಿ. ಲೆನೊವೊದಲ್ಲಿ ವಾಂಟೇಜ್ ಆ್ಯಪ್, ಏಸಸ್‌ನಲ್ಲಿ ಮೈಏಸಸ್, ಎಚ್‌ಪಿಯ ಅನೇಕ ಮಾದರಿಗಳಲ್ಲಿ ಬಯಾಸ್ ಮೆನು, ಹೀಗೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಇದನ್ನು ಬಚ್ಚಿಟ್ಟಿದ್ದಾರೆ. ಇನ್ನೊಂದು ಮಾತು: ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅಂದೇ ಬಳಕೆ ನಿಲ್ಲಿಸಿ.

ಕೈ ಜುಮ್ಮೆನ್ನುವುದೇಕೆ?

ಅಲ್ಯುಮಿನಿಯಂ ಮೈಯ ದುಬಾರಿ ಲ್ಯಾಪ್‌ಟಾಪುಗಳಿಗೇ ಅಂಟಿದ ದೂರಿದು. ಚಾರ್ಜಿಗೆ ಹಾಕಿದಾಗ ಅಂಗೈಯ ಅಂಚಿನಿಂದ ಮೆಲ್ಲಗೆ ಸವರಿದರೆ ಇರುವೆ ಹರಿದಂತಾಗುತ್ತದೆ. ಬರಿಗಾಲಲ್ಲಿ ನೆಲ ಮುಟ್ಟಿ ಕೂತಿದ್ದರೆ ಇನ್ನೂ ಹೆಚ್ಚು. ಹೊಸ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಡುವವರಿದ್ದಾರೆ. ಅವಸರ ಬೇಡ. ಚಾರ್ಜರಿನೊಳಗೆ ವಿದ್ಯುತ್ ಗದ್ದಲವನ್ನು ಅಡಗಿಸಲೆಂದು ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಸೋರುವ ಅತಿ ಸಣ್ಣ ಕರೆಂಟಿಗೆ ಭೂಮಿಗೆ ಹೋಗಲು ದಾರಿ ಬೇಕು. ಎರಡು ಪಿನ್ನಿನ ಪ್ಲಗ್‌ನಲ್ಲಿ ಆ ದಾರಿ ಇಲ್ಲ, ಹಾಗಾಗಿ ಅದು ಲೋಹದ ಮೈ ಹಿಡಿದು ನಿಮ್ಮ ಕೈಗೆ ಬರುತ್ತದೆ. ಸಾಮಾನ್ಯವಾಗಿ ಅಪಾಯವಿಲ್ಲ, ಹಿತವೂ ಅಲ್ಲ.

ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಜುಮ್ಮೆನ್ನುವುದು ನಿಂತರೆ ಕಾರಣ ಇದೇ. ನಿಮ್ಮ ಅಡಾಪ್ಟರಿಗೆ ಮೂರು ಪಿನ್ನಿನ ಕೇಬಲ್ ಹೊಂದುವುದಾದರೆ ಅದನ್ನು ಕೊಳ್ಳಿ. ಅಷ್ಟಾದರೂ ಹೋಗದಿದ್ದರೆ ಲ್ಯಾಪ್‌ಟಾಪ್ ಬಿಟ್ಟು ಗೋಡೆಯ ಕಡೆ ನೋಡಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ತಂತಿಯೇ ಇರದಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ. ಗೀಸರ್, ವಾಷಿಂಗ್ ಮೆಷಿನ್ ಇರುವ ಮನೆಗೆ ಅದು ಹೇಗೂ ಆಗಬೇಕಾದ ಕೆಲಸ. ಜುಮ್ಮೆನ್ನುವುದರ ಬದಲು ಷಾಕ್ ಹೊಡೆದರೆ, ಅಥವಾ ಚಾರ್ಜರ್ ಅಗ್ಗದ ನಕಲಿಯಾಗಿದ್ದರೆ ಒಂದು ಕ್ಷಣವೂ ಬಳಸಬೇಡಿ.

ಪೋರ್ಟು ಮತ್ತು ಕೇಬಲ್

ತೆಳ್ಳಗಿನ ಮೈಗಾಗಿ ಪೋರ್ಟು ಬಲಿ ಕೊಟ್ಟಿದ್ದಾರೆ. ಒಂದು ಒಳ್ಳೆಯ ಹಬ್ ಕೊಂಡು ಆ ವಿಷಯ ಅಲ್ಲಿಗೆ ಮುಗಿಸಿ. ಹೆಚ್ಚು ಜನ ಎಡವುವುದು ಕೇಬಲ್‌ನಲ್ಲಿ. ಯುಎಸ್‌ಬಿ-ಸಿ ಎಂಬುದು ಬರೀ ತುದಿಯ ಆಕಾರ. ಚಾರ್ಜಿಂಗ್‌ಗೆಂದು ಕೊಡುವ ಅನೇಕ ಕೇಬಲ್‌ಗಳಲ್ಲಿ ಡೇಟಾ ಓಡುವುದು ಯುಎಸ್‌ಬಿ 2ರ ಹಳೆಯ ವೇಗದಲ್ಲಿ, ಸೆಕೆಂಡಿಗೆ 480 ಮೆಗಾಬಿಟ್. ಥಂಡರ್‌ಬೋಲ್ಟ್ 4 ಕೇಬಲ್‌ನಲ್ಲಿ ಅದೇ 40 ಗಿಗಾಬಿಟ್. ‘ಹೊಸ ಎಸ್‌ಎಸ್‌ಡಿ ನಿಧಾನ’, ‘ಮಾನಿಟರ್‌ಗೆ ಚಿತ್ರ ಬರುವುದಿಲ್ಲ’ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು ಕೇಬಲ್ ಯಾವುದು ಎಂದು.

ಕೊಳ್ಳುವ ಮುಂಚೆಯೇ ತೀರ್ಮಾನವಾಗುವವು

ಇನ್ನು ಮೂರನೆಯ ಜಾತಿ. ತೆಳು ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಇದರಲ್ಲಿ ಕಂಪನಿಯ ಲಾಭಕೋರತನವೂ ಇದೆ, ತಾಂತ್ರಿಕ ಕಾರಣವೂ ಇದೆ: ಕಡಿಮೆ ವಿದ್ಯುತ್ತಿನಲ್ಲಿ ವೇಗವಾಗಿ ಓಡುವ ಎಲ್‌ಪಿಡಿಡಿಆರ್ ಮೆಮೊರಿ ಪ್ರೊಸೆಸರಿಗೆ ಅಂಟಿಕೊಂಡಂತೆಯೇ ಇರಬೇಕು. ಬಿಚ್ಚಿ ಬದಲಿಸಬಹುದಾದ ಎಲ್‌ಪಿಕ್ಯಾಮ್2 ಮಾದರಿಯನ್ನು ಲೆನೊವೊ 2024ರಲ್ಲಿ ಥಿಂಕ್‌ಪ್ಯಾಡ್ ಪಿ1ರಲ್ಲಿ ತಂದಿದೆ, ಆದರೆ ಅದಿನ್ನೂ ಎಲ್ಲೆಡೆ ಬಂದಿಲ್ಲ. 2020ರ ಎಂ1 ಮ್ಯಾಕ್‌ಬುಕ್ ಏರ್ ಶುರುವಾಗುತ್ತಿದ್ದುದು 8 ಜಿಬಿಯಿಂದ. 2024ರ ಅಕ್ಟೋಬರ್‌ನಲ್ಲಿ ಆ್ಯಪಲ್ ತಾನೇ ಏರ್‌ನ ಆರಂಭವನ್ನು 16ಕ್ಕೆ ಏರಿಸಿತು. 8ನ್ನು ಕೊಂಡು ನಾಲ್ಕು ವರ್ಷ ಹೊಂದಿಸಿಕೊಂಡವರ ಹೊಟ್ಟೆಯುರಿ ನ್ಯಾಯವಾದದ್ದೇ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಆ ಹಣವನ್ನು ರ‍್ಯಾಮ್‌ಗೆ ಹಾಕಿ. ಸ್ಟೋರೇಜ್ ವಿಷಯದಲ್ಲಿ ವಿಂಡೋಸ್ ಲ್ಯಾಪ್‌ಟಾಪುಗಳು ಉದಾರಿ. ಅನೇಕ ಮಾದರಿಗಳಲ್ಲಿ ಎಂ.2 ಎಸ್‌ಎಸ್‌ಡಿ ಬದಲಿಸಬಹುದು. ಅದರ ಉದ್ದ 2280ಯೋ 2242ಯೋ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಪರದೆಯೂ ಹೀಗೆಯೇ. ಷೋರೂಮಿನ ದೀಪದಡಿ ಎಲ್ಲ ಪರದೆಯೂ ಚಂದ. ಕಿಟಕಿ ಬೆಳಕಿನಲ್ಲಿ ಕೂರುವವರು 400 ನಿಟ್ಸ್‌ಗಿಂತ ಕಡಿಮೆಯದನ್ನು ಮುಟ್ಟಬೇಡಿ. ಓಎಲ್‌ಇಡಿಯ ಕಪ್ಪು ಕಣ್ಣಿಗೆ ಹಬ್ಬ ನಿಜ, ಆದರೆ ಬೆಳಕು ತೀರ ತಗ್ಗಿಸಿದಾಗಿನ ಸೂಕ್ಷ್ಮ ಮಿನುಗು ಕೆಲವರಿಗೆ ತಲೆನೋವು ತರುತ್ತದೆ. ತೆಗೆದುಕೊಳ್ಳುವ ಮುನ್ನ ಬೆಳಕನ್ನು ಕಾಲು ಭಾಗಕ್ಕಿಳಿಸಿ ಹತ್ತು ನಿಮಿಷ ಓದಿ ನೋಡಿ. ಮಾರುವವರು ಅಸಹನೆಯಿಂದ ನೋಡಿದರೆ ನೋಡಲಿ.

ಕನ್ನಡಕ್ಕೆ ಬೇಕಾದ ಸಿದ್ಧತೆ

ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ಜತೆಗೆ ಫೊನೆಟಿಕ್ ಕೀಲಿಮಣೆಯೂ ಸಿಗುತ್ತದೆ. 2019ರ ಮೇ ಅಪ್‌ಡೇಟ್‌ನಿಂದ ಅದು ಒಳಗೇ ಇದೆ, ಬೇರೆ ತಂತ್ರಾಂಶ ಬೇಕಿಲ್ಲ. ಮ್ಯಾಕ್‌ನಲ್ಲೂ ಕನ್ನಡ ಕೀಲಿಮಣೆ ಇದೆ. ತೊಡಕಿರುವುದು ನುಡಿಯಲ್ಲಿ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶ ವಿಂಡೋಸ್‌ಗೆಂದೇ ಆದದ್ದು. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳೊಂದಿಗೆ ದಿನವೂ ಏಗುವ ಕಚೇರಿ, ಮುದ್ರಣಾಲಯದವರು ಮ್ಯಾಕ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಯುನಿಕೋಡ್‌ನಲ್ಲೇ ಬರೆಯುವವರಿಗೆ ಈ ಚಿಂತೆಯಿಲ್ಲ.

ಕಂಪನಿಗೆ ಹೇಳಿದರೆ ಕೇಳುತ್ತಾರೆಯೇ?

ಕೇಳುತ್ತಾರೆ, ನಿಧಾನವಾಗಿ. ಲೆನೊವೊ 2014ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ ಫಂಕ್ಷನ್ ಕೀಲಿಗಳನ್ನು ತೆಗೆದು ಮುಟ್ಟುವ ಪಟ್ಟಿ ಕೂರಿಸಿತು. ಬಳಕೆದಾರರು ಸಿಡಿಮಿಡಿಗೊಂಡರು, ಮರುವರ್ಷವೇ ನಿಜವಾದ ಕೀಲಿಗಳು ಮರಳಿದವು. ಆ್ಯಪಲ್‌ನ ವಿಷಯದಲ್ಲಿ ಕಾಯುವಿಕೆ ದೀರ್ಘವಾಯಿತು. 2016ರ ಮ್ಯಾಕ್‌ಬುಕ್ ಪ್ರೊನಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ, ಮ್ಯಾಗ್‌ಸೇಫ್ ಎಲ್ಲ ಮಾಯ. ಮೂರೂ ಹಿಂದಿರುಗಿದ್ದು 2021ರಲ್ಲಿ. 2015ರಲ್ಲಿ ಬಂದ ಬಟರ್‌ಫ್ಲೈ ಕೀಲಿಮಣೆಗೆ 2018ರಲ್ಲಿ ಉಚಿತ ದುರಸ್ತಿ ಯೋಜನೆ ಘೋಷಿಸಬೇಕಾಯಿತು, 2019ರ ನವೆಂಬರ್‌ನ 16 ಇಂಚಿನ ಮಾದರಿಯಿಂದ ಅದನ್ನು ಕೈಬಿಡತೊಡಗಿದರು. ಹೊಸ ವಿನ್ಯಾಸದ ಮೊದಲ ವರ್ಷದ ಮಾದರಿಯನ್ನು ಕೊಳ್ಳಲು ನಾನು ಯಾರಿಗೂ ಹೇಳದಿರುವುದು ಇದಕ್ಕೇ.

ವಿನ್ಯಾಸದ ಬಗೆಗಿನ ಆಸೆ ಬೇರೆ, ದೋಷ ಬೇರೆ. ದೋಷವಾದರೆ ಮೊದಲ ದಿನಗಳಲ್ಲೇ ಹಿಡಿಯಿರಿ: ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಪರದೆಯ ಚುಕ್ಕೆ ನೋಡಿ, ಪ್ರತಿ ಕೀಲಿ ಒತ್ತಿ, ಪ್ರತಿ ಪೋರ್ಟಿಗೂ ಏನಾದರೂ ಚುಚ್ಚಿ. ವಾಪಸಾತಿಯ ಅವಧಿ ಮುಗಿದ ಮೇಲೆ ಉಳಿಯುವುದು ವಾರಂಟಿ ಮಾತ್ರ. ಸೀರಿಯಲ್ ನಂಬರ್ ಹಾಕಿ ವಾರಂಟಿ ಎಂದಿನಿಂದ ಶುರುವಾಗಿದೆ ಎಂದೂ ನೋಡಿ. ಕೆಲವೊಮ್ಮೆ ಗೋದಾಮಿನಿಂದ ಹೊರಟ ದಿನವನ್ನೇ ಹಿಡಿದಿರುತ್ತಾರೆ. ಬಿಲ್ ಕಳಿಸಿದರೆ ತಿದ್ದುತ್ತಾರೆ. ಕಂಪನಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಸರ್ವಿಸ್‌ಗೆ ಕೊಡುವ ಹಿಂದಿನ ರಾತ್ರಿ ಬ್ಯಾಕಪ್ ತೆಗೆಯುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬಿಟ್‌ಲಾಕರ್. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಅನೇಕ ವೇಳೆ ತಾನಾಗಿಯೇ ಆನ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಕೊಡದಿದ್ದರೆ ನಿಮ್ಮದೇ ಕಡತ ನಿಮಗೆ ಸಿಗದು. ನಿಮ್ಮ ಮೈಕ್ರೊಸಾಫ್ಟ್ ಖಾತೆಗೆ ಹೋಗಿ ಆ ಕೀ ಅಲ್ಲಿದೆಯೇ ನೋಡಿ, ಕಾಗದದ ಮೇಲೆ ಬರೆದುಕೊಂಡು ಬಿಲ್ಲಿನ ಜತೆ ಮನೆಯಲ್ಲೇ ಇಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ.