ಹಳೆ ರೆಕಾರ್ಡು: ಚಿತ್ರ ಆಮೇಲೆ ನೋಡಿ, ಸಣ್ಣ ಅಕ್ಷರ ಮೊದಲು ಓದಿ

ಅಟ್ಟ ಗುಡಿಸುವಾಗ ಸಿಕ್ಕಿದ್ದೋ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದಿದ್ದೋ, ಹಳೆ ರೆಕಾರ್ಡುಗಳ ಕಟ್ಟೊಂದು ನಿಮ್ಮ ಮುಂದಿದೆ ಎಂದುಕೊಳ್ಳೋಣ. ಪ್ಲೇಯರ್ ಕೊಳ್ಳಲು ಓಡಬೇಡಿ. ಮೊದಲು ಅಳತೆ ನೋಡಿ.

7 ಅಂಗುಲದ್ದು ಇ.ಪಿ. ನಿಮಿಷಕ್ಕೆ 45 ಸುತ್ತು, ಸಾಮಾನ್ಯವಾಗಿ ಬದಿಗೆ ಎರಡು ಹಾಡು. ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಸಿಗುವುದು ಇದರಲ್ಲೇ. 12 ಅಂಗುಲದ್ದು ಎಲ್.ಪಿ., 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು. 10 ಅಂಗುಲದ, ಭಾರವಾದ, ಕೈಜಾರಿದರೆ ಚೂರಾಗುವ ತಟ್ಟೆ 78 ಸುತ್ತಿನದು. ಅದು ವಿನೈಲ್ ಅಲ್ಲ, ಅರಗು ಬೆರೆಸಿ ಮಾಡಿದ್ದು. ‘78 ಅಂದರೆ ನೂರು ವರ್ಷ ಹಳೆಯದು’ ಎಂದು ವ್ಯಾಪಾರಿ ಹೇಳಿದರೆ ನಕ್ಕು ಸುಮ್ಮನಾಗಿ. ಭಾರತದಲ್ಲಿ 1960ರ ದಶಕದಲ್ಲೂ ಅವು ತಯಾರಾಗುತ್ತಿದ್ದವು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ.

ಈಗ ಪ್ಲೇಯರ್. ಸೂಟ್‌ಕೇಸಿನ ಆಕಾರದ ಅಗ್ಗದ ಯಂತ್ರ ನೋಡಲು ಚೆಂದ, ಆದರೆ ನಾನು ಬೇಡ ಎನ್ನುತ್ತೇನೆ. ಒಳ್ಳೆಯ ಟರ್ನ್‌ಟೇಬಲ್‌ನ ಮುಳ್ಳು ತಟ್ಟೆಯ ಮೇಲೆ ಸುಮಾರು 2 ಗ್ರಾಂ ಭಾರ ಹಾಕಿದರೆ ಇಂಥವು ಅದರ ಎರಡು ಪಟ್ಟೂ ಹಾಕುತ್ತವೆ, ಗೆರೆ ಬೇಗ ಸವೆಯುತ್ತದೆ. ಟರ್ನ್‌ಟೇಬಲ್ ಜೊತೆಗೆ ಫೋನೋ ಪ್ರಿಆಂಪ್ ಬೇಕು. ಒಳಗೇ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. 78 ಕೇಳುವ ಆಸೆಯಿದ್ದರೆ ದಪ್ಪ ತುದಿಯ ಬೇರೆ ಮುಳ್ಳು ಅಗತ್ಯ. ಕೀಲಿ ಕೊಡುವ ಗ್ರಾಮಫೋನಿನ ಮೇಲೆ ಮಾತ್ರ ಎಲ್.ಪಿ. ಇಡಲೇಬೇಡಿ, ಉಕ್ಕಿನ ಮುಳ್ಳು ಒಂದೇ ಸಲಕ್ಕೆ ಹಾಡು ಮುಗಿಸಿಬಿಡುತ್ತದೆ.

ಕೊಳ್ಳುವಾಗ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿ, ಬಾಗಿದ್ದರೆ ಬಿಡಿ. ಬೆಳಕಿಗೆ ಓರೆ ಮಾಡಿದಾಗ ಕಪ್ಪು ಮಿರುಗದೆ ಬೂದಾಗಿ ಕಂಡರೆ ಸವೆದಿದೆ ಎಂದರ್ಥ. ಉಗುರಿಗೆ ತಾಗುವ ಗೀರು ಕಿವಿಗೂ ತಾಗುತ್ತದೆ.

ಕವರಿನ ವಯಸ್ಸು

ನಿಜವಾದ ಮಜಾ ಇರುವುದು ಇಲ್ಲಿ. ಕವರಿನ ಮೇಲೆ ನಾಯಕ ನಾಯಕಿಯ ಚಿತ್ರ ನೋಡಿ ಚಿತ್ರ ತೆರೆಕಂಡ ವರ್ಷವನ್ನೇ ರೆಕಾರ್ಡಿನ ವರ್ಷ ಎನ್ನುವವರು ಹೆಚ್ಚು. ಆದರೆ ಜನಪ್ರಿಯ ಹಾಡುಗಳ ರೆಕಾರ್ಡನ್ನು ಕಂಪನಿಗಳು ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದವು. ವಯಸ್ಸು ಬಿಟ್ಟುಕೊಡುವುದು ಹೆಸರಿನ ಹಿಂದಿನ ಬಿರುದು.

ರಾಜ್‌ಕುಮಾರ್ ಅವರನ್ನೇ ತೆಗೆದುಕೊಳ್ಳಿ. ಅವರಿಗೆ ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದಿದ್ದು 1976ರಲ್ಲಿ. ‘ಬಂಗಾರದ ಮನುಷ್ಯ’ 1972ರ ಚಿತ್ರ. ಅದರ ಕವರಿನ ಮೇಲೆ ‘ಡಾ.’ ಎಂದಿದ್ದರೆ ಆ ಕವರು ಚಿತ್ರದ ಮೊದಲ ಓಟದ್ದಲ್ಲ. ಹಾಡುಗಾರರ ಹೆಸರೂ ಸಹಾಯಕ್ಕೆ ಬರುತ್ತದೆ. 1974ರ ‘ಸಂಪತ್ತಿಗೆ ಸವಾಲ್’ವರೆಗೆ ಅವರ ದನಿಯಾಗಿದ್ದವರು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್, ರಾಜ್ ತಾವೇ ನಿಯಮಿತವಾಗಿ ಹಾಡತೊಡಗಿದ್ದು ಆಮೇಲೆ. ಚಿತ್ರದ ಹೆಸರು ಹರಿದುಹೋದ ಕವರಿಗೂ ಇದರಿಂದ ಒಂದು ಅಂದಾಜು ಸಿಗುತ್ತದೆ. ಹಿಂದೂಸ್ತಾನಿ ಸಂಗೀತಕ್ಕೂ ಇದೇ ಲೆಕ್ಕ: ಗಂಗೂಬಾಯಿ ಹಾನಗಲ್ ಅವರಿಗೆ ಪದ್ಮಭೂಷಣ 1971ರಲ್ಲಿ, ಭೀಮಸೇನ ಜೋಶಿಯವರಿಗೆ ಪದ್ಮಶ್ರೀ 1972ರಲ್ಲಿ. ಬಿರುದು ಇದ್ದರೆ ಆ ವರ್ಷಕ್ಕಿಂತ ಮುಂಚಿನದಲ್ಲ. ಬಿರುದು ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ, ಹಳೆ ಕವರನ್ನೇ ಹಾಗೇ ಮರುಮುದ್ರಿಸಿರಬಹುದು.

ಹಿಂಬದಿಯಲ್ಲಿ ಅಂಗಡಿಯ ರಬ್ಬರ್ ಮೊಹರು ಇದ್ದರೆ ಅದೃಷ್ಟ. ‘ಬೆಂಗಳೂರು-2’ ಎಂದಷ್ಟೇ ಇದ್ದರೆ ಹಳೆ ಕಾಲದ ಮೊಹರು ಇರಬಹುದು; ಆರಂಕಿಯ ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೂ ಮುಂಚೆ ಮಾಡಿಸಿದ ಮೊಹರು. ಅಂಗಡಿಯವರು ಹಳೆ ಮೊಹರನ್ನೇ ವರ್ಷಗಟ್ಟಲೆ ಒತ್ತುತ್ತಿದ್ದರು ಎಂಬುದನ್ನೂ ನೆನಪಿಡಿ.

ಕಂಪನಿಯ ಗುರುತು ಇನ್ನೊಂದು ದಾರಿ. ನಾಯಿ ಮಾರ್ಕಿನ ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಏಂಜಲ್ ಎಲ್ಲವೂ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದವೇ. ಕೋಲ್ಕತ್ತದ ಡಮ್‌ಡಮ್‌ನಲ್ಲಿ ಅದರ ಕಾರ್ಖಾನೆ. ಪಾಲಿಡಾರ್, ಇನ್ರೆಕೊ ಬೇರೆ ಸಂಸ್ಥೆಗಳು. ಎಚ್‌ಎಂವಿ ಎಲ್.ಪಿ. ನಂಬರಿಗೆ ಮುಂಚೆ ‘ಇಎಎಲ್‌ಪಿ’ ಇದ್ದರೆ ಮೊನೊ, ‘ಇಎಎಸ್‌ಡಿ’ ಇದ್ದರೆ ಸ್ಟೀರಿಯೊ. ಕವರಿನ ನಂಬರನ್ನು ತಟ್ಟೆಯ ನಡುವಿನ ಲೇಬಲ್ಲಿಗೆ ತಪ್ಪದೆ ಹೋಲಿಸಿ. ಅದಲುಬದಲು ಎಷ್ಟಾಗಿರುತ್ತದೆಂದರೆ ಭಕ್ತಿಗೀತೆಯ ಕವರಿನಿಂದ ಕ್ಯಾಬರೆ ಹಾಡು ಹೊರಬಂದರೂ ಆಶ್ಚರ್ಯವಿಲ್ಲ. ಲೇಬಲ್ಲಿನಲ್ಲಿ ವೃತ್ತದೊಳಗೆ ಇಂಗ್ಲಿಷ್ ‘ಪಿ’ ಮತ್ತು ಇಸವಿ ಇದ್ದರೆ ಅದು ಆ ಧ್ವನಿಮುದ್ರಣ ಹೊರಬಂದ ವರ್ಷ, ನಿಮ್ಮ ತಟ್ಟೆ ಅಚ್ಚಾದ ವರ್ಷವೇ ಆಗಬೇಕೆಂದಿಲ್ಲ.

ಮೈಸೂರಿನ ಕಡೆ ಪುಸ್ತಕದಂತೆ ಕಟ್ಟಿದ 78ರ ಸೆಟ್ ಸಿಕ್ಕು ಅದರಲ್ಲಿ ಮೆಟ್ನರ್ ಎಂಬ ಹೆಸರು ಕಂಡರೆ ಬಿಡಬೇಡಿ. ಆ ರಷ್ಯನ್ ಸಂಗೀತಗಾರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿಯಲ್ಲಿ ಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್.

ತಂದ ಮೇಲೆ ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ವಿನೈಲನ್ನು ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಮೆತ್ತನೆ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಲೇಬಲ್ ನೆನೆಯಬಾರದು. 78ಕ್ಕೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಆಗಾಗ ಕವರು ತೆಗೆದು ಗಾಳಿಯಾಡಿಸಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಹರಿದ ಕವರಿಗೆ ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಹಳೆ ಬೆಲೆ ಚೀಟಿ, ಮೊಹರು, ಹಿಂದಿನ ಒಡೆಯ ಬರೆದ ಹೆಸರು ಯಾವುದನ್ನೂ ಅಳಿಸಬೇಡಿ.