ಘಾಟಿ ಇಳಿಯುವಾಗ ನ್ಯೂಟ್ರಲ್: ಉಳಿತಾಯವೋ, ಅಪಾಯವೋ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಊರು ಪುತ್ತೂರು. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಂಡೆ. ಈಗ ಹಬ್ಬ ಹರಿದಿನಕ್ಕೆಲ್ಲ ಶಿರಾಡಿ ಘಾಟಿಯಲ್ಲೇ ಓಡಾಟ. ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಸೋದರಮಾವ, "ಮಾರನಹಳ್ಳಿ ದಾಟಿದ ಮೇಲೆ ನ್ಯೂಟ್ರಲ್‌ಗೆ ಹಾಕಿ ಬಿಡು, ಗುಂಡ್ಯದವರೆಗೆ ಪೆಟ್ರೋಲ್ ಖರ್ಚೇ ಇಲ್ಲ" ಅನ್ನುತ್ತಾರೆ. ಇದು ನಿಜವೇ? ಮಳೆಗಾಲ, ಬೇಸಿಗೆ ಎಂದು ಗಾಡಿ ಓಡಿಸುವ ರೀತಿ ಬದಲಿಸಬೇಕೇ?

ಉತ್ತರ: ನಿಮ್ಮ ಮಾವ ಹೇಳಿದ್ದು ಅವರ ಕಾಲದ ಗಾಡಿಗೆ ನಿಜ, ನಿಮ್ಮ ಗಾಡಿಗೆ ಸುಳ್ಳು. ಅಪಾಯದ ಮಟ್ಟಿಗೆ ಹೇಳುವುದಾದರೆ, ಅದು ಅವರ ಕಾಲದಲ್ಲೂ ಇತ್ತು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800 ಇವಕ್ಕೆಲ್ಲ ಕಾರ್ಬುರೇಟರ್ ಇತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಸ್ವಲ್ಪ ಸ್ವಲ್ಪ ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇರುತ್ತಿತ್ತು. ಗೇರಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗಿ ಹೆಚ್ಚು ಎಳೆಯುತ್ತಿತ್ತು, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ತಿರುಗಿ ಕಡಿಮೆ ಎಳೆಯುತ್ತಿತ್ತು. ಹಳೆಯ ಚಾಲಕರ ಲೆಕ್ಕಾಚಾರ ಹುಟ್ಟಿದ್ದು ಅಲ್ಲಿಂದ.

2000ದ ಆಚೀಚೆ ನಮ್ಮಲ್ಲಿ ಫ್ಯೂಯಲ್ ಇಂಜೆಕ್ಷನ್ ಕಾರುಗಳು ಸಾಮಾನ್ಯವಾದವು. ಇವುಗಳಲ್ಲಿ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರ್. ಗಾಡಿ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದಾಗ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿವೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಆಗ ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ, ಒಂದು ಹನಿಯೂ ಹೋಗುವುದಿಲ್ಲ. ಅದೇ ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರಿಹೋಗದಂತೆ ಅದು ಮತ್ತೆ ಪೆಟ್ರೋಲ್ ಬಿಡಲೇಬೇಕು. ನಿಂತಲ್ಲೇ ಎಂಜಿನ್ ಓಡುತ್ತಿರುವ ಸಾಧಾರಣ ಕಾರಿಗೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು, ಕೆಲವಕ್ಕೆ ಒಂದು ಲೀಟರಿನ ಹತ್ತಿರ ಬೇಕಾಗುತ್ತದೆ. ಅಂದರೆ ಅರ್ಧ ಗಂಟೆಯ ಇಳಿಜಾರಿನಲ್ಲಿ ಉಳಿಸುವುದಿರಲಿ, ಕಾಲು ಲೀಟರಿಗೂ ಹೆಚ್ಚು ಪೆಟ್ರೋಲ್ ಸುಮ್ಮನೆ ಉರಿದುಹೋಗುತ್ತದೆ. ತೀರಾ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಗಾಡಿ ಒಂದಿಷ್ಟು ಮುಂದೆ ಹೆಚ್ಚು ಉರುಳೀತು, ಅದು ನಿಜ. ಆದರೆ ಪ್ರಶ್ನೆ ಘಾಟಿಯದು.

ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು, ಜೀವದ ಮಾತು ಉಳಿದಿದೆ. ನಾಲ್ಕು ಜನ ಕೂತ ಕಾರು ಸುಮಾರು 1,300 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದು 700 ಮೀಟರ್ ಎತ್ತರ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು ಇಪ್ಪತ್ತೈದು ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಕು. ಗಾಳಿಯೂ ರಸ್ತೆಯೂ ಅದರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತವೆ. ಗೇರಿನಲ್ಲಿದ್ದರೆ ಎಂಜಿನ್ ದೊಡ್ಡ ಪಾಲನ್ನು ಹೊತ್ತುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಆ ಭಾರವೆಲ್ಲ ನಾಲ್ಕು ಚಕ್ರಗಳ ಬ್ರೇಕಿನ ಮೇಲೆ. ಬ್ರೇಕ್ ವಿಪರೀತ ಕಾದರೆ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು ಎಂಬುದು ನಿಯಮ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತಾ ಹೋಗುತ್ತದೆ. ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲದವರೆಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಘಾಟಿಯ ಅಪಘಾತಗಳಲ್ಲಿ "ಬ್ರೇಕ್ ಫೇಲ್" ಎಂದು ಹೇಳಿ ಮುಗಿಸುವ ಎಷ್ಟೋ ಪ್ರಕರಣಗಳ ಹಿಂದೆ ಇಂಥ ಓಡಿಸುವಿಕೆ ಇದೆ ಎಂದೇ ನನ್ನ ಅನಿಸಿಕೆ.

ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನನ್ನೇ ಆಫ್ ಮಾಡುತ್ತಾರೆ. ಇದನ್ನು ಮಾತ್ರ ಎಂದೂ ಮಾಡಬೇಡಿ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆಫ್ ಆದ ಮೇಲೆ ಎರಡು ಮೂರು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ. ಕೀ ಪೂರ್ತಿ ಹೊರಬಂದರೆ ಸ್ಟೀರಿಂಗ್ ಲಾಕೇ ಆದೀತು.

ಹಾಗಾದರೆ ಇಳಿಯುವುದು ಹೇಗೆ? ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಲಾರಿ ಚಾಲಕರ ಹಳೆಯ ಲೆಕ್ಕ ಇವತ್ತಿಗೂ ಸರಿ. ಶಿರಾಡಿಯ ಬಹುಭಾಗಕ್ಕೆ ಮೂರನೆಯದು ಸಾಕಾದೀತು. ಆಗುಂಬೆಯ ಹೇರ್‌ಪಿನ್ ತಿರುವುಗಳಿಗೆ ಎರಡನೆಯದೇ ಬೇಕು. ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮೊದಲು, ತಿರುವಿನ ನಡುವೆ ಅಲ್ಲ. ಬ್ರೇಕಿನ ಮೇಲೆ ಸದಾ ಕಾಲಿಟ್ಟು ಉಜ್ಜುತ್ತಾ ಬರುವ ಬದಲು, ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಅದಕ್ಕೆ ಆರಲು ಸಮಯ ಕೊಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಕಾಯಿರಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಕಿರಿದಾದ ಜಾಗದಲ್ಲಿ ಎದುರಿಗೆ ಹತ್ತಿ ಬರುವ ಗಾಡಿಗೆ ಇಳಿಯುವವರೇ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ಕಾನೂನೇ ಹಾಗಿದೆ. ಆಟೊಮ್ಯಾಟಿಕ್ ಕಾರಿದ್ದವರು ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್ ಸ್ಥಾನ ಬಳಸಬೇಕು. ಎಲೆಕ್ಟ್ರಿಕ್ ಕಾರಿನವರಿಗೂ ಒಂದು ಮಾತು: ಸಕಲೇಶಪುರದಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇನ್ನಷ್ಟು ಚಾರ್ಜ್ ಹಿಡಿಸುವುದಿಲ್ಲ, ಆದ್ದರಿಂದ ಮೋಟಾರ್ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆಯಾಗುತ್ತದೆ.

ಇನ್ನು ಕಾಲಕ್ಕೆ ತಕ್ಕ ಓಡಿಸುವಿಕೆ. ಮಳೆಗಾಲದಲ್ಲಿ ಎಲ್ಲಕ್ಕಿಂತ ಜಾರುವುದು ಮೊದಲ ಮಳೆಯ ರಸ್ತೆ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ನೀರಿನೊಂದಿಗೆ ಸೇರಿ ಪಸೆಯಾಗುತ್ತದೆ. ಜಡಿಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವ ಚಟ ನಮ್ಮಲ್ಲಿ ಯಾಕೋ ಬೆಳೆದಿದೆ. ಹಾಗೆ ಮಾಡಿದರೆ ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವನಿಗೆ ತಿಳಿಯುವುದಿಲ್ಲ. ಹೆಡ್‌ಲೈಟನ್ನು ಲೋ ಬೀಮಿನಲ್ಲಿ ಹಾಕಿ, ಸಾಕು. ಗಾಜಿನ ಒಳಗೆ ಮಬ್ಬು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡಿ. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಎಸಿ ಒಳಗಿನ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಖರ್ಚಾಗುವ ಪೆಟ್ರೋಲಿನಲ್ಲಿ ಜಿಪುಣತನ ಬೇಡ.

ನಿಂತ ನೀರಿಗೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಕ್ಕಿಕೊಂಡ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಳಗಿನ ರಾಡ್ ಬಾಗಿ ಎಂಜಿನ್ನೇ ಕೆಡುತ್ತದೆ. ಮೊದಲು ಜನ ಇಳಿದು ಹೊರಬರಲಿ.

ಬೇಸಿಗೆಯದು ಇನ್ನೊಂದು ತಪ್ಪು ತಿಳಿವಳಿಕೆ. ಬಿಸಿಲಿಗೆ ಟೈರ್ ಒಡೆಯುತ್ತದೆಂದು ಗಾಳಿ ಕಡಿಮೆ ಹಾಕಿಸುವವರಿದ್ದಾರೆ. ಆಗುವುದು ಅದರ ವಿರುದ್ಧ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಮಡಚಿ ಬಿಚ್ಚಿ ತಾನೇ ಕಾಯುತ್ತದೆ, ಒಡೆಯುವ ಸಾಧ್ಯತೆ ಹೆಚ್ಚಾಗುತ್ತದೆ. ಜೊತೆಗೆ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ, ಟೈರ್ ತಣ್ಣಗಿರುವಾಗ ಅಳೆಯಿರಿ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಒತ್ತಡ ಸುಮಾರು ಎರಡು ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲಿ ಹಾಕಿಸಿದ ಗಾಳಿ ಡಿಸೆಂಬರ್‌ಗೆ ಸಾಲದು. ನೈಟ್ರೋಜನ್ನಿಗೆ ಬೇರೆ ದುಡ್ಡು ಕೊಡಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್.

ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗಲೆಂದು ಹತ್ತು ನಿಮಿಷ ನಿಂತಲ್ಲೇ ಓಡಿಸುವುದು ಕಾರ್ಬುರೇಟರ್ ಕಾಲದ ಇನ್ನೊಂದು ಪಳೆಯುಳಿಕೆ. ಅರ್ಧ ನಿಮಿಷ ಸಾಕು, ಆಮೇಲೆ ಮೊದಲೆರಡು ಕಿ.ಮೀ. ಮೆತ್ತಗೆ ಓಡಿಸಿ.

ಎಲ್ಲ ಕಾಲಕ್ಕೂ ನಿಜವಾಗಿ ಪೆಟ್ರೋಲ್ ಉಳಿಸುವುದು ವೇಗದ ಮೇಲಿನ ಹಿಡಿತ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ಗಂಟೆಗೆ 80ರ ಬದಲು 100ರಲ್ಲಿ ಬಂದರೆ ಕಾಗದದ ಮೇಲೆ 27 ನಿಮಿಷ ಉಳಿಯುತ್ತದೆ. ಅದರಲ್ಲಿ ಅರ್ಧವನ್ನು ಟೋಲ್ ಗೇಟೂ ನೆಲಮಂಗಲದ ಸಾಲೂ ವಾಪಸು ವಸೂಲಿ ಮಾಡುತ್ತವೆ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100ರಲ್ಲಿ ಅದು ಶೇಕಡ 56ರಷ್ಟು ಹೆಚ್ಚು. ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಅಷ್ಟೇ ಪಾಲು ಹೆಚ್ಚುತ್ತದೆ, ಏಕೆಂದರೆ ಅದೂ ವೇಗದ ವರ್ಗಕ್ಕೇ ಕಟ್ಟುಬಿದ್ದಿದೆ. ಪೆಟ್ರೋಲ್ ಉಳಿಸುವ ಕಾಲು, ಜೀವ ಉಳಿಸುವ ಕಾಲು ಎರಡೂ ಒಂದೇ ಎನ್ನುವುದಕ್ಕೆ ಇದಕ್ಕಿಂತ ನೇರ ಲೆಕ್ಕ ಬೇಕಿಲ್ಲ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡರೂ ಹಾಗೆಯೇ: ಬ್ರೇಕ್ ಕಡಿಮೆ ಒತ್ತುತ್ತೀರಿ, ಕಳೆದುಕೊಂಡ ವೇಗವನ್ನು ಮತ್ತೆ ಪೆಟ್ರೋಲ್ ಸುಟ್ಟು ಗಳಿಸಬೇಕಾಗಿಲ್ಲ.

ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ ಎಂದಿದ್ದೀರಿ. ಬ್ರೇಕ್ ಆಯಿಲ್ ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ. ಎರಡು ವರ್ಷ ದಾಟಿದ್ದರೆ, ಅಥವಾ ದಾಖಲೆಯೇ ಇಲ್ಲದಿದ್ದರೆ, ಮುಂದಿನ ಸಲ ಘಾಟಿ ಇಳಿಯುವ ಮೊದಲೇ ಬದಲಿಸಿಬಿಡಿ.